ಒರೆಸುವ ಮೊದಲು ನೋಡು

ಮಗೂ,

ಇನ್ನು ಮೇಲೆ ನಿನಗೆ ಹ್ಯಾಂಗರಿನಲ್ಲಿ ಹಳೆಯ ವಿಮಾನಗಳ ರೆಕ್ಕೆ ತಪಾಸಣೆಯ ಕೆಲಸ ಎಂದು ನಿಮ್ಮಮ್ಮ ಹೇಳಿದಳು. ತುಂಬ ಸಂತೋಷವಾಯಿತು. ಇದೇ ಕೆಲಸದಲ್ಲಿ ಕೂದಲು ನರೆತವನು ನಾನು. ನೀನು ಓದಿ ಪಾಸು ಮಾಡಿದ್ದನ್ನೇ ಮತ್ತೆ ಪಾಠ ಹೇಳುವುದಿಲ್ಲ. ಪುಸ್ತಕದಲ್ಲಿ ಒಂದು ಸಾಲಾಗಿ ಬಂದು ಹೋಗುವ, ಆದರೆ ಜೀವ ಉಳಿಸುವ ಕೆಲವು ಮಾತುಗಳನ್ನು ಮಾತ್ರ ಹೇಳುತ್ತೇನೆ.

ವಿಮಾನ ಒಳಗೆ ಬಂದ ತಕ್ಷಣ ಅದನ್ನು ತೊಳೆಯಲು ಎಲ್ಲರಿಗೂ ಅವಸರ. ಅದಕ್ಕೆ ಮುಂಚೆ ಟಾರ್ಚು ಹಿಡಿದು ರೆಕ್ಕೆಯ ಅಡಿಯಲ್ಲಿ ಒಂದು ಸುತ್ತು ಹೋಗಿ ಬಾ. ಸಡಿಲವಾದ ರಿವೆಟ್ಟು ಹಾರಾಟದಲ್ಲಿ ಅಲುಗಿ ಅಲುಗಿ ತೇಯ್ದು, ಅದರ ಹಿಂದೆ ಗಾಳಿ ಹರಿಯುವ ದಿಕ್ಕಿಗೆ ಒಂದು ಕಪ್ಪು ಗೆರೆ ಎಳೆದಿರುತ್ತದೆ. ಸೋರಿದ ಇಂಧನ ಕಲೆ ಬಿಟ್ಟಿರುತ್ತದೆ. ಜೋಡಣೆಯ ಅಂಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಸೀಳಿರುತ್ತದೆ. ಎರಡು ತಗಡುಗಳ ನಡುವೆ ತುಕ್ಕು ಬೆಳೆದಿದ್ದರೆ ರಿವೆಟ್ಟುಗಳ ಮಧ್ಯೆ ಮೇಲ್ಮೈ ಸಣ್ಣಗೆ ಉಬ್ಬಿರುತ್ತದೆ. ಇವೆಲ್ಲ ರೆಕ್ಕೆ ನಿನಗೆ ಕೊಡುವ ಸುದ್ದಿ. ತೊಳೆದರೆ ಅದರಲ್ಲಿ ಅರ್ಧ ನೀರಿನ ಜೊತೆ ಚರಂಡಿಗೆ ಹೋಗುತ್ತದೆ. ಕೊಳೆ ಇರುವಾಗ ಒಮ್ಮೆ ನೋಡು, ತೊಳೆದ ಮೇಲೆ ಇನ್ನೊಮ್ಮೆ ನೋಡು. ಎರಡೂ ಬೇಕು.

ಅಡಿಭಾಗ ಎಂದು ಯಾಕೆ ಒತ್ತಿ ಹೇಳುತ್ತೇನೆ ಎಂದರೆ, ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಮೇಲಿನ ತಗಡು ಒತ್ತಿಕೊಳ್ಳುತ್ತದೆ, ಕೆಳಗಿನದು ಎಳೆದುಕೊಳ್ಳುತ್ತದೆ. ಬಿರುಕನ್ನು ಬೆಳೆಸುವುದು ಈ ಎಳೆತ. ಎಳೆತಕ್ಕೆ ಸಿಕ್ಕ ತಗಡಿನಲ್ಲಿ ಒಂದು ದುಂಡು ರಂಧ್ರವಿದ್ದರೆ ಅದರ ಅಂಚಿನಲ್ಲಿ ಆ ಎಳೆತ ಸುಮಾರು ಮೂರು ಪಟ್ಟಾಗುತ್ತದೆ. ರೆಕ್ಕೆಯಲ್ಲೋ ಸಾವಿರಾರು ರಂಧ್ರ: ರಿವೆಟ್ಟಿನದು, ಬೋಲ್ಟಿನದು, ಇಂಧನ ಹರಿಯಲು ಬಿಟ್ಟದ್ದು. ಉಕ್ಕಿಗೆ ಇಷ್ಟರೊಳಗಿನ ಭಾರವಾದರೆ ದಣಿವಿಲ್ಲ ಎಂಬ ಒಂದು ಮಿತಿಯಾದರೂ ಉಂಟು. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಸಣ್ಣ ಭಾರವೂ ಮರಳಿ ಮರಳಿ ಬಿದ್ದರೆ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆಯಾದ ಎನ್‌ಎಎಲ್‌ನಲ್ಲಿ ವಿಮಾನದ ಭಾಗಗಳಿಗೆ ಜಾಕ್‌ಗಳಿಂದ ಹೀಗೆ ಮರಳಿ ಮರಳಿ ಭಾರ ಹಾಕಿ ದಣಿಸಿ ನೋಡುವ ಪರೀಕ್ಷೆ ನಡೆಯುತ್ತದೆ. ಅವಕಾಶ ಸಿಕ್ಕರೆ ಹೋಗಿ ನೋಡು. ನಾವು ಗಟ್ಟಿ ಎಂದುಕೊಂಡ ರೆಕ್ಕೆ ಎಷ್ಟು ಬಾಗಿ ಏಳುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಈಗ ನನ್ನನ್ನು ಇಂದಿಗೂ ಬಿಡದ ಒಂದು ಅಪಘಾತದ ವಿಷಯ. 2005ರ ಡಿಸೆಂಬರ್ 19ರಂದು ಅಮೆರಿಕದ ಮಯಾಮಿಯಿಂದ ಬಹಾಮಾಸ್‌ನ ಬಿಮಿನಿ ದ್ವೀಪಕ್ಕೆ ಹೊರಟ ಚಾಕ್ಸ್ ಓಷನ್ ಏರ್‌ವೇಸ್‌ನ ವಿಮಾನ ನೀರಿನಿಂದ ಮೇಲೆದ್ದ ಸ್ವಲ್ಪ ಹೊತ್ತಿಗೇ ಅದರ ಬಲ ರೆಕ್ಕೆ ಕಳಚಿಹೋಯಿತು. ಒಳಗಿದ್ದ ಇಪ್ಪತ್ತು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ; ಅವರಲ್ಲಿ ಕೂಸುಗಳೂ ಇದ್ದವು. ಅದು 1947ರಲ್ಲಿ ತಯಾರಾದ ಗ್ರಮ್ಮನ್ ಮಲ್ಲಾರ್ಡ್, ನೀರಿನ ಮೇಲೂ ಇಳಿಯಬಲ್ಲ ವಿಮಾನ. ಉಪ್ಪುನೀರಿನಲ್ಲೇ ಅದರ ಬದುಕು.

ಆ ರೆಕ್ಕೆ ಹೇಳದೆ ಕೇಳದೆ ಮುರಿಯಲಿಲ್ಲ ಮಗೂ. ತನಿಖೆ ಮಾಡಿದವರು ದಾಖಲೆ ತೆರೆದರೆ ಇಂಧನ ಸೋರಿಕೆ ಮತ್ತೆ ಮತ್ತೆ ಬಂದಿತ್ತು, ತಗಡಿನ ಬಿರುಕೂ ಮತ್ತೆ ಮತ್ತೆ ಬಂದಿತ್ತು. ಸೋರಿದಲ್ಲಿಗೆ ಸೀಲೆಂಟ್ ಬಳಿದರು. ಬಿರುಕು ಬಿಟ್ಟಲ್ಲಿಗೆ ತೇಪೆ ಹಾಕಿದರು. ಆ ರೆಕ್ಕೆಯಲ್ಲಿ ಇಂಧನದ ತೊಟ್ಟಿಯೂ ರೆಕ್ಕೆಯ ಮೈಯೂ ಒಂದೇ. ಸೋರುತ್ತಿದೆ ಎಂದರೆ ಎಲ್ಲೋ ಭಾರ ಹೊರಬೇಕಾದದ್ದು ಹೊರುತ್ತಿಲ್ಲ, ಪಕ್ಕದ ಭಾಗ ಅತಿಯಾಗಿ ಅಲುಗುತ್ತಿದೆ ಎಂದು ಅನುಮಾನಿಸಬೇಕಿತ್ತು. ಒಳಗೆ, ತಗಡಿಗೆ ಬೆನ್ನುಕೊಟ್ಟು ನಿಲ್ಲಬೇಕಾದ ಸ್ಟ್ರಿಂಗರ್‌ನಲ್ಲಿ, ಇಂಧನ ಹರಿಯಲೆಂದು ಬಿಟ್ಟ ಒಂದು ತೂತಿನ ಬಳಿ ದಣಿವಿನ ಬಿರುಕು ಹುಟ್ಟಿತ್ತು. ಗೋಡೆಯ ತೇವಕ್ಕೆ ಪ್ರತಿ ವರ್ಷ ಸುಣ್ಣ ಬಳಿದು, ಮೇಲೆ ಹೆಂಚು ಒಡೆದಿದೆಯೇ ಎಂದು ಅಟ್ಟ ಹತ್ತಿ ನೋಡದ ಮನೆಯವರಂತೆ ಆಯಿತು. ಸೀಲೆಂಟ್ ಡಬ್ಬಿ ಕೈಗೆ ತೆಗೆದುಕೊಳ್ಳುವ ಮೊದಲು ಇದೇ ಜಾಗ ಹಿಂದೆಯೂ ಸೋರಿತ್ತೇ ಎಂದು ದಾಖಲೆ ತಿರುವಿ ನೋಡು. ಸೋರಿದ್ದರೆ ಮುಚ್ಚುವ ಕೆಲಸ ಆಮೇಲೆ. ಮೊದಲು ಒಳಗೆ ಇಳಿಯಬೇಕು.

ತೇಪೆಯ ವಿಷಯದಲ್ಲೂ ಹೀಗೆಯೇ. 2002ರ ಜೂನ್ 17ರಂದು ಕ್ಯಾಲಿಫೋರ್ನಿಯಾದ ವಾಕರ್ ಬಳಿ ಕಾಡ್ಗಿಚ್ಚು ನಂದಿಸುತ್ತಿದ್ದ ಸಿ-130ಎ ವಿಮಾನದ ಎರಡೂ ರೆಕ್ಕೆಗಳು ಮೇಲಕ್ಕೆ ಮಡಚಿ ಕಿತ್ತುಹೋದವು. ಮೂವರು ಸತ್ತರು. 1957ರ ವಿಮಾನ ಅದು. ಬಿರುಕು ಹುಟ್ಟಿದ್ದು ಕೆಳಗಿನ ತಗಡಿನ ಮೇಲೆ ಹೊಡೆದಿದ್ದ ಬಲವರ್ಧನೆಯ ಪಟ್ಟಿಯ ಅಡಿಯಲ್ಲಿ, ರಿವೆಟ್ಟಿನ ರಂಧ್ರಗಳಲ್ಲಿ. ಬಲಕ್ಕೆಂದು ಹಾಕಿದ ಪಟ್ಟಿಯೇ ಕಣ್ಣಿಗೆ ಪರದೆಯಾಯಿತು. ಹಳೆಯ ರಿಪೇರಿ ಕಂಡಾಗ ‘ಇಲ್ಲಿ ಸರಿಮಾಡಿದ್ದಾರೆ’ ಎಂದು ಮುಂದೆ ಹೋಗಬೇಡ, ಅಲ್ಲೇ ನಿಲ್ಲು.

ಹಳೆಯದು ಎಂಬುದನ್ನು ಕ್ಯಾಲೆಂಡರಿನಿಂದ ಅಳೆಯಬೇಡ ಎಂಬುದೂ ಇದಕ್ಕೆ ಸೇರಿದ್ದು. 2018ರ ಏಪ್ರಿಲ್‌ನಲ್ಲಿ ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ ಒಂದು ತರಬೇತಿ ವಿಮಾನದ ಎಡ ರೆಕ್ಕೆ ಕಳಚಿ ಇಬ್ಬರು ಸತ್ತರು. ಅದು ತಯಾರಾಗಿದ್ದು 2007ರಲ್ಲಿ. ಆದರೆ ಕಲಿಯುವವರ ಕೈಯಲ್ಲಿ 7,600 ಗಂಟೆಗೂ ಮೇಲೆ ಹಾರಿತ್ತು, ಏರಿ ಇಳಿದು ಏರಿ ಇಳಿದು. ಬಿರುಕು ಇದ್ದದ್ದು ರೆಕ್ಕೆಯ ಮುಖ್ಯ ತೊಲೆಯಾದ ಸ್ಪಾರ್‌ನ ಕೆಳ ಅಂಚಿನ ಬೋಲ್ಟ್ ರಂಧ್ರದಲ್ಲಿ, ಬೋಲ್ಟಿನ ತಲೆಯ ಮರೆಯಲ್ಲಿ. ಎಷ್ಟು ಒಳ್ಳೆಯ ಕಣ್ಣಾದರೂ ಅದನ್ನು ಹೊರಗಿನಿಂದ ಕಾಣಲು ಸಾಧ್ಯವಿರಲಿಲ್ಲ. ಆಮೇಲೆ ಅಂಥ ವಿಮಾನಗಳಲ್ಲಿ ಬೋಲ್ಟ್ ಬಿಚ್ಚಿ ರಂಧ್ರದೊಳಗೆ ಎಡ್ಡಿ ಕರೆಂಟ್ ಪರೀಕ್ಷೆ ಮಾಡಬೇಕೆಂದು ಆದೇಶ ಬಂತು. 2012ರಲ್ಲಂತೂ ಆಗಿನ್ನೂ ಹೊಸದಾಗಿದ್ದ ಎ380ರ ರೆಕ್ಕೆಗಳಲ್ಲೇ, ರಿಬ್ಬುಗಳನ್ನು ತಗಡಿಗೆ ಹಿಡಿದಿಡುವ ಪಾದಗಳಲ್ಲಿ, ಬಿರುಕು ಕಂಡು ತಪಾಸಣೆಗೆ ಆದೇಶವಾಯಿತು.

ಎಡ್ಡಿ ಕರೆಂಟ್ ಯಂತ್ರವನ್ನು ಗೌರವದಿಂದ ಕಲಿ. ಸುರುಳಿಯಲ್ಲಿ ಎಸಿ ಕರೆಂಟ್ ಹರಿದಾಗ ಲೋಹದೊಳಗೆ ಸುಳಿಯಂತೆ ಕರೆಂಟ್ ಏಳುತ್ತದೆ. ಬಿರುಕು ಅಡ್ಡ ಬಂದರೆ ಅದು ಬಳಸಿಕೊಂಡು ಹೋಗಬೇಕು, ಆಗ ಪರದೆಯ ಚುಕ್ಕೆ ನೆಗೆಯುತ್ತದೆ. ಆದರೆ ಪ್ರೋಬ್ ಸ್ವಲ್ಪ ವಾಲಿದರೂ, ಬಣ್ಣ ದಪ್ಪವಿದ್ದರೂ, ಅಂಚು ಹತ್ತಿರ ಬಂದರೂ, ಪಕ್ಕದಲ್ಲಿ ಉಕ್ಕಿನ ಬೋಲ್ಟಿದ್ದರೂ ಚುಕ್ಕೆ ಅಲುಗುತ್ತದೆ. ಯಾವುದು ಯಾವ ಬಗೆಯ ಅಲುಗು ಎಂಬುದು ಓದಿ ಬರುವುದಲ್ಲ, ಕೈಗೆ ಬರಬೇಕು. ಅದೇ ಲೋಹದ, ಗೊತ್ತಿದ್ದ ಅಳತೆಯ ಸೀಳು ಇರುವ ಮಾದರಿ ತುಂಡಿನ ಮೇಲೆ ಮೊದಲು ಹೊಂದಿಸಿಕೋ. ಕೆಲಸ ಮುಗಿದ ಮೇಲೂ ಅದೇ ತುಂಡಿನ ಮೇಲೆ ಇಟ್ಟು ನೋಡು. ಆಗ ಸೀಳು ಮೊದಲಿನಂತೆ ಕಾಣದಿದ್ದರೆ, ಹಿಂದೆ ಸರಿಯಿದ್ದ ಹೊತ್ತಿನಿಂದ ಈಚೆಗೆ ನೋಡಿದ್ದೆಲ್ಲ ನೋಡಿದ್ದಲ್ಲ. ಊಟ ಬಿಟ್ಟರೂ ಸರಿ, ಮತ್ತೆ ಮಾಡು.

ಬಿರುಕಿಗೆ ಕೆಂಪು ದ್ರವ ಇಳಿಸಿ, ಮೇಲೆ ಹಾಕಿದ ಬಿಳಿ ಪುಡಿಯಲ್ಲಿ ಅದರ ಗೆರೆ ಮೂಡಿಸುವ ಡೈ ಪೆನೆಟ್ರೆಂಟ್ ಪರೀಕ್ಷೆ ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬಣ್ಣ ತೆಗೆಯಲು ಯಾರಾದರೂ ಮರಳು ಕಾಗದ ಹಾಕಿ ಜೋರಾಗಿ ಉಜ್ಜಿದರೆ ಅಲ್ಯೂಮಿನಿಯಮ್ ಮೆತ್ತಗಿರುವುದರಿಂದ ಬಿರುಕಿನ ಬಾಯಿಯ ಮೇಲೆಯೇ ಬಳಿದುಕೊಳ್ಳುತ್ತದೆ. ಬಾಯಿ ಮುಚ್ಚಿದ ಬಿರುಕಿನೊಳಗೆ ಕೆಂಪು ದ್ರವ ಇಳಿಯುವುದಿಲ್ಲ. ಬಿಳಿ ಪುಡಿಯ ಮೇಲೆ ಒಂದು ಗೆರೆಯೂ ಮೂಡುವುದಿಲ್ಲ. ನೀನು ಶುದ್ಧ ಮನಸ್ಸಿನಿಂದ ‘ಬಿರುಕಿಲ್ಲ’ ಎಂದು ಬರೆಯುತ್ತೀಯ. ಅದಕ್ಕೇ ನಿನಗಿಂತ ಮುಂಚೆ ಆ ಜಾಗವನ್ನು ಸ್ವಚ್ಛ ಮಾಡಿದವರು ಯಾರು, ಹೇಗೆ ಮಾಡಿದರು ಎಂದು ಕೇಳಿಕೊಳ್ಳಲು ಸಂಕೋಚ ಬೇಡ.

ಇನ್ನು ಮನುಷ್ಯರ ಮಾತು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮುಂಭಾಗದ ಛಾವಣಿ 24,000 ಅಡಿ ಎತ್ತರದಲ್ಲಿ ಹಾರಿಹೋಯಿತು. ಗಗನಸಖಿಯೊಬ್ಬರು ಆಕಾಶದಲ್ಲೇ ಕಾಣೆಯಾದರು. ಅದು ರೆಕ್ಕೆಯಲ್ಲ, ಒಡಲು. ಆದರೂ ನೀನು ತಿಳಿಯಬೇಕು. ದ್ವೀಪದಿಂದ ದ್ವೀಪಕ್ಕೆ ಸಣ್ಣ ಸಣ್ಣ ಹಾರಾಟ ಮಾಡಿ ಮಾಡಿ ಅದು 89,680 ಸಲ ಏರಿ ಇಳಿದಿತ್ತು. ಆ ದಿನ ಹತ್ತುವಾಗ ಬಾಗಿಲ ಹತ್ತಿರ ಬಿರುಕು ಕಂಡ ಪ್ರಯಾಣಿಕರೊಬ್ಬರು ಯಾರಿಗೂ ಹೇಳಲಿಲ್ಲ. ತನಿಖಾ ವರದಿ ತಪಾಸಕರ ಕಷ್ಟವನ್ನೂ ಬಿಡದೆ ಬರೆಯಿತು: ರಾತ್ರಿ ಪಾಳಿ, ಎತ್ತರದಲ್ಲಿ ಹಗ್ಗ ಕಟ್ಟಿಕೊಂಡು ನಿಲ್ಲುವುದು, ಒಂದರ ಹಿಂದೆ ಒಂದು ಸಾಲುಗಟ್ಟಿದ ರಿವೆಟ್ಟು. ನೂರು ರಿವೆಟ್ಟು ಚೆನ್ನಾಗಿದ್ದ ಮೇಲೆ ನೂರೊಂದನೆಯದೂ ಚೆನ್ನಾಗಿದೆ ಎಂದು ಮನಸ್ಸು ಮೊದಲೇ ತೀರ್ಮಾನಿಸಿಬಿಡುತ್ತದೆ. ಕಣ್ಣು ಅದರ ಹಿಂದೆ ಹೋಗುತ್ತದೆ. ಅದಕ್ಕೆ ಮದ್ದು ವಿಶ್ರಾಂತಿ. ನಡುವೆ ಇಳಿದು ನೀರು ಕುಡಿ. ಎಲ್ಲಿ ನಿಲ್ಲಿಸಿದೆ ಎಂದು ಗುರುತು ಮಾಡಿ ಇಳಿ. ಪಾಳಿ ಬದಲಾಗುವಾಗ ಬಾಯಲ್ಲಿ ಹೇಳಿ ಹೋಗಬೇಡ, ಬರೆದುಕೊಟ್ಟು ಹೋಗು.

ಬೆಳಗ್ಗೆ ವಿಮಾನ ಹೊರಡಬೇಕು ಎಂದು ಒತ್ತಾಯ ಬರುವುದು ಖಂಡಿತ. ಒತ್ತಾಯಿಸುವವರು ಕೆಟ್ಟವರಲ್ಲ, ಅವರಿಗೂ ಮೇಲಿನವರಿದ್ದಾರೆ. ಜಗಳ ಬೇಡ. ‘ಸರ್, ಈ ಜಾಗ ಇನ್ನೂ ನೋಡಿಲ್ಲ’ ಎಂದು ಮೆಲ್ಲಗೆ ಹೇಳು, ಹಾಗೆಯೇ ಕೆಲಸದ ಕಾರ್ಡಿನಲ್ಲೂ ಬರೆ. ನೋಡದ ಜಾಗಕ್ಕೆ ಸಹಿ ಹಾಕು ಎಂದು ನಿನ್ನನ್ನು ಯಾರೂ ಬಲವಂತ ಮಾಡಲಾರರು. ಹೆಚ್ಚೆಂದರೆ ಮುಖ ಸಿಂಡರಿಸಿಕೊಳ್ಳುತ್ತಾರೆ. ಅನುಮಾನ ಬಂದ ಗೆರೆಯನ್ನು ಇನ್ನೊಬ್ಬರನ್ನು ಕರೆದು ತೋರಿಸು. ಅದು ಬರೀ ಗೀರು ಎಂದು ತಿಳಿದರೆ ನಾಚಿಕೆಪಡಬೇಡ. ಆ ಗೀರಿನ ಜಾಗವನ್ನೂ ದಾಖಲಿಸು, ಮುಂದಿನವರಿಗೆ ಬೇಕಾಗುತ್ತದೆ.

ಕೊನೆಗೆ ನಿನ್ನ ಕಣ್ಣು. ಹತ್ತಿರದ ನೋಟದ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ತಪ್ಪದೆ ಮಾಡಿಸು. ಕನ್ನಡಕ ಬೇಕು ಎಂದರೆ ಅವತ್ತೇ ಮಾಡಿಸಿಕೋ, ಇನ್ನೊಂದು ಜೊತೆ ಚೀಲದಲ್ಲಿರಲಿ. ಇಂಧನ ಟ್ಯಾಂಕಿನೊಳಗೆ ಇಳಿಯುವ ಮುನ್ನ ಗಾಳಿ ಆಡಿಸಿ ಅನಿಲ ಅಳೆದಿದ್ದಾರೆಯೇ, ಹೊರಗೆ ಕಾವಲಿಗೆ ಒಬ್ಬರಿದ್ದಾರೆಯೇ ಎಂದು ನೀನೇ ಖಚಿತಪಡಿಸಿಕೋ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಇಳಿ. ಮೇಲೆ ಬಂದ ಮೇಲೆ ಟಾರ್ಚು, ಕನ್ನಡಿ, ಸ್ಪ್ಯಾನರುಗಳ ಲೆಕ್ಕದಲ್ಲಿ ಅದನ್ನೂ ಸೇರಿಸಿ ಎಣಿಸು.