ಹುಳು ಸಾಕುವ ಮುನ್ನ ಕೊಳ್ಳುವವರನ್ನು ಹುಡುಕಿ

ಬೆಂಗಳೂರಿನ ಹೊಸಹಳ್ಳಿಯ ತಾರಸಿಗಳಲ್ಲಿ ನಾಲ್ಕು ಕೋಳಿ ಸಾಕಿಕೊಂಡವರು, ಹುಳುಮೇವಿನ ವ್ಯಾಪಾರಕ್ಕೆ ಕೈಹಾಕಲು ಯೋಚಿಸುತ್ತಿರುವವರು ಮೊದಲು ಮೈಸೂರು ರಸ್ತೆ ಹಿಡಿದು ರಾಮನಗರಕ್ಕೆ ಹೋಗಿ ಬನ್ನಿ. ಅಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳು, ಕಸವಲ್ಲ. ಒಣಗಿಸಿದರೆ ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪ್ರೋಟೀನ್, ಕಾಲು ಭಾಗ ಎಣ್ಣೆ. ತೊಡಕಿರುವುದು ಆ ಎಣ್ಣೆಯಲ್ಲೇ. ಹಸಿ ಪ್ಯೂಪಾ ಬೇಗ ನಾರುತ್ತದೆ, ಎಣ್ಣೆ ಕಮಟು ಹಿಡಿಯುತ್ತದೆ, ಅದನ್ನೇ ಧಾರಾಳವಾಗಿ ತಿಂದ ಕೋಳಿಯ ಮಾಂಸಕ್ಕೂ ವಾಸನೆ ಅಂಟಬಹುದು. ಚೆನ್ನಾಗಿ ಒಣಗಿದ, ಎಣ್ಣೆ ತೆಗೆದ ಪುಡಿಯನ್ನೇ ಕೇಳಿ ತನ್ನಿ. ಜೋಳ, ಹಿಂಡಿಯ ಜೊತೆ ಸ್ವಲ್ಪವೇ ಬೆರೆಸಿ.

ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳು ಇನ್ನೊಂದು ದಾರಿ. ತರಕಾರಿ ಸಿಪ್ಪೆ ತಿಂದು ಎರಡು ಮೂರು ವಾರದಲ್ಲಿ ಬಲಿಯುತ್ತದೆ. ಯುರೋಪ್ ಒಕ್ಕೂಟ ಕೀಟದ ಪ್ರೋಟೀನನ್ನು 2017ರಲ್ಲಿ ಸಾಕುಮೀನಿಗೆ, 2021ರಲ್ಲಿ ಕೋಳಿ, ಹಂದಿಗೆ ಒಪ್ಪಿತು. ನಮ್ಮ ಬೆಂಗಳೂರಿನಲ್ಲೇ ಲೂಪ್‌ವರ್ಮ್‌ನಂಥ ಕಂಪನಿ ಹುಟ್ಟಿಕೊಂಡಿದೆ. ಬೇಡಿಕೆ ನಿಜವೇ. ಆದರೂ ಹುಳು ಸಾಕುವ ಟ್ರೇ, ನೊಣದ ಮೊಟ್ಟೆ ಮಾರಿ "ಬೆಳೆದ ಹುಳುವನ್ನೆಲ್ಲ ನಾವೇ ಕೊಳ್ಳುತ್ತೇವೆ" ಎನ್ನುವವರ ಬಾಯಿಮಾತಿಗೆ ಉಳಿತಾಯದ ಹಣ ಸುರಿಯಬೇಡಿ. ಮೇವು ತಯಾರಿಸುವವರನ್ನು, ಮೀನು ಸಾಕುವವರನ್ನು ನೀವೇ ಕಂಡು ಮಾತಾಡಿ. ದರವೆಷ್ಟು, ತೇವ ಎಷ್ಟಿದ್ದರೆ ಒಪ್ಪುತ್ತಾರೆ, ತಿಂಗಳಿಗೆ ಎಷ್ಟು ಬೇಕು ಎಂಬುದನ್ನು ಬರೆಸಿಕೊಂಡ ಮೇಲೆ ಟ್ರೇ ಕೊಳ್ಳಿ.