ಪೋರ್ಟಲ್‌ನಲ್ಲಿ ಬದಲಾಯಿಸಿದ್ವಿ, ಆ್ಯಪ್‌ನಲ್ಲಿ ಯಾಕೆ ಬಂದಿಲ್ಲ?

ಪ್ರಾಜೆಕ್ಟ್ ಮಾಡುವಾಗ ನಾವೆಲ್ಲ ಸೆಟ್ಟಿಂಗ್ಸ್‌ನ ಒಂದು ಜೇಸನ್ ಫೈಲ್‌ನಲ್ಲಿ ಇಡ್ತೀವಿ. ಒಂದೇ ಸರ್ವರ್ ಇದ್ದರೆ ಅಷ್ಟು ಸಾಕು. ಫೆಸ್ಟ್ ರಿಜಿಸ್ಟ್ರೇಷನ್ ಸೈಟ್ ಮೂರು ಸರ್ವರ್‌ಗಳಲ್ಲಿ ಓಡುತ್ತಿದೆ ಅಂದ್ಕೊಳ್ಳಿ. ಸೀಟು ಮಿತಿಯನ್ನು 200ರಿಂದ 250 ಮಾಡಲು ಮೂರರಲ್ಲೂ ಫೈಲ್ ತಿದ್ದಬೇಕು. ಒಂದು ಬಿಟ್ಟುಹೋದರೆ ಕೆಲವರಿಗೆ ಸೀಟು ಸಿಗುತ್ತೆ, ಕೆಲವರಿಗೆ 'ಫುಲ್' ಅಂತ ಬರುತ್ತೆ. ಅಜೂರ್ ಆ್ಯಪ್ ಕಾನ್ಫಿಗರೇಷನ್‌ನಲ್ಲಿ ಆ ಮಿತಿ ಕ್ಲೌಡ್‌ನಲ್ಲಿ ಒಂದೇ ಕಡೆ ಇರುತ್ತೆ, ಮೂರೂ ಸರ್ವರ್ ಅಲ್ಲಿಂದಲೇ ಓದುತ್ತವೆ.

ಆದರೆ ಪೋರ್ಟಲ್‌ನಲ್ಲಿ ಬದಲಾಯಿಸಿದ ತಕ್ಷಣ ಆ್ಯಪ್‌ಗೆ ಗೊತ್ತಾಗಲ್ಲ. ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ರಿಫ್ರೆಶ್‌ಗೆ ಯಾವ ಕೀ ಗಮನಿಸಬೇಕು ಅಂತ ಹೇಳಿ, ಮಿಡಲ್‌ವೇರ್ ಸೇರಿಸಬೇಕು. ಆಮೇಲೂ ರಿಕ್ವೆಸ್ಟ್ ಬಂದಾಗ ಮಾತ್ರ ಅದು ಕ್ಲೌಡ್ ಕಡೆ ನೋಡೋದು. ಒಮ್ಮೆ ನೋಡಿದರೆ, ಡಿಫಾಲ್ಟ್ ಆಗಿ 30 ಸೆಕೆಂಡ್ ಮತ್ತೆ ನೋಡಲ್ಲ. ಪಾಪ, ಮೊದಲು ಬಂದವರಿಗೆ ಹಳೇ ಮಿತಿಯೇ ಕಾಣಬಹುದು.

ಎಷ್ಟು ಹೊತ್ತಾದರೂ 200 ಅಂತಲೇ ತೋರಿಸ್ತಿದ್ಯಾ? ಕೋಡ್‌ನಲ್ಲಿ ಐಆಪ್ಷನ್ಸ್ ಇದೆಯಾ ನೋಡಿ. ಅದು ಮೊದಲ ಸಲ ಓದಿದ್ದನ್ನೇ ಆ್ಯಪ್ ನಿಲ್ಲುವವರೆಗೂ ಹಿಡ್ಕೊಂಡಿರುತ್ತೆ. ಅದರ ಬದಲು ಐಆಪ್ಷನ್ಸ್ ಸ್ನ್ಯಾಪ್‌ಶಾಟ್ ಹಾಕಿ. ಅದು ಪ್ರತಿ ರಿಕ್ವೆಸ್ಟ್‌ಗೂ ಹೊಸದಾಗಿ ಓದುತ್ತೆ.

ಡೇಟಾಬೇಸ್ ಪಾಸ್‌ವರ್ಡ್ ಮಾತ್ರ ಇಲ್ಲಿ ಇಡಬೇಡಿ. ಅದು ಕೀ ವಾಲ್ಟ್‌ನಲ್ಲಿರಲಿ, ಇಲ್ಲಿ ಅದರ ವಿಳಾಸ ಇದ್ದರೆ ಸಾಕು.