ನಗಿಸಿದವರನ್ನು ನಗುತ್ತಲೇ ನೆನೆಯಿರಿ

ಪುತ್ತೂರು, ಸುಳ್ಯ, ಕಡಬದ ಕಡೆ ಉತ್ತರಕ್ರಿಯೆಯ ದಿನ ಊಟಕ್ಕೆ ಮೊದಲು ನುಡಿನಮನ ನಡೆಯುವುದುಂಟು. ಅಲ್ಲಿ ನಾವು ಎಡವುವುದು ಒಂದೇ ಕಡೆ. ಅಡಿಕೆ ಅಂಗಡಿಯಲ್ಲಿ ಕೂತು ಬಂದವರನ್ನೆಲ್ಲ ನಗಿಸುತ್ತಿದ್ದ ಮಾವನನ್ನು ‘ಕೊಡುಗೈ ದಾನಿ, ಅಜಾತಶತ್ರು’ ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆ ಮಾತು ಯಾರಿಗಾದರೂ ಒಪ್ಪುತ್ತದೆ. ಮಾವ ಮಾತ್ರ ಅದರಲ್ಲಿ ಸಿಗುವುದಿಲ್ಲ.

ಗುಣಗಳ ಪಟ್ಟಿ ಬಿಡಿ, ಒಂದು ಘಟನೆ ಹೇಳಿ. ಅಡಿಕೆ ಗೋಣಿಗೆ ಕೈಹಾಕಿ ಪಟೋರ, ಕೋಕ, ಕರಿಗೋಟು ಎಂದು ದರ್ಜೆ ಬೇರೆ ಮಾಡುತ್ತಲೇ ಅವರು ಬೆಳೆಗಾರರ ಕಾಲೆಳೆಯುತ್ತಿದ್ದ ರೀತಿ ಸಾಕು. ಗೋಣಿ ಹೊತ್ತವರನ್ನೂ ಲೆಕ್ಕ ಬರೆದವರನ್ನೂ ಮೊದಲೇ ಮಾತಾಡಿಸಿ. ಮನೆಯವರಿಗೆ ಗೊತ್ತಿಲ್ಲದ್ದು ಅವರಲ್ಲಿರುತ್ತದೆ. ಹಿರಿಯರಿಗೆ ಇಸವಿ ನೆನಪಾಗದಿದ್ದರೆ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಹುಟ್ಟಿದ 1973, ಪುತ್ತೂರಿನ ಚಾಕೊಲೇಟ್ ಕಾರ್ಖಾನೆ ಶುರುವಾದ 1986, ಹೀಗೆ ಗುರುತು ಹಿಡಿದು ಕೇಳಿ. ಹಳೆಯ ಫೋಟೋಗಳ ಹಿಂದೆ ಹೆಸರು ಬರೆದಿಡಿ.

ಆದರೆ ಎಚ್ಚರ: ಬಾಕಿ ವ್ಯವಹಾರ, ಯಾರನ್ನಾದರೂ ಚುಚ್ಚುವ ತಮಾಷೆ ಮೈಕಿನ ಮುಂದೆ ಬೇಡ. ಐದು ನಿಮಿಷ ದಾಟಬೇಡಿ, ಎಲೆ ಹಾಕಿ ಕಾಯುವವರಿದ್ದಾರೆ.

ಸಭೆ ನಕ್ಕರೆ ಮುಜುಗರಪಡಬೇಡಿ. ಅಂಥವರಿಗೆ ಅದೇ ಸರಿಯಾದ ಗೌರವ.